ಕ್ಯಾಸೆಟ್ಟಿನಲ್ಲಿ ಹಿಡಿಯದ ಸಾಲು

ಆ ಪ್ರಸಿದ್ಧ ಸಂಗೀತ ಸಂಯೋಜಕರ ಜೀವನಚರಿತ್ರೆ ಅಚ್ಚಾಗಿ, ಯಾರ ಯಾರದೋ ಸೂಟ್‌ಕೇಸಿನಲ್ಲಿ ಕೂತು, ಕೊನೆಗೆ ನನ್ನ ಕೈಗೂ ಬಂತು. ಅದರಲ್ಲಿ ನಾನು ಒಂದೂವರೆ ಸಾಲು ಇದ್ದೇನೆ. ಮೈಸೂರಿನ ದಿನಗಳಲ್ಲಿ ಅವರಿಗೆ ಒಬ್ಬ ಹುಡುಗಿಯ ಮೇಲೆ ಪ್ರೀತಿ ಇತ್ತು, ಆಕೆ ಮದುವೆಯಾಗಿ ಅಮೆರಿಕಕ್ಕೆ ಹೊರಟುಹೋದಳು, ಆ ನೋವಿನಲ್ಲಿ ಅವರ ಅತ್ಯಂತ ಜನಪ್ರಿಯ ಗೀತೆ ಹುಟ್ಟಿತು ಎಂಬ ಅರ್ಥದ್ದು. ಹೆಸರು ಹಾಕಿಲ್ಲ, ಸದ್ಯ. ಆಮೇಲೆ ಪುಸ್ತಕ ಅವರ ಬೆನ್ನು ಹತ್ತಿ ಮದರಾಸಿನ ಸ್ಟುಡಿಯೋಗಳಿಗೆ ಹೋಗಿಬಿಡುತ್ತದೆ. ಹುಡುಗಿ ಮುಂದೇನಾದಳು ಎಂದು ಬರೆದವರು ಕೇಳಲಿಲ್ಲ. ಹುಡುಗಿ ನ್ಯೂಜೆರ್ಸಿಯ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದಳು. ಅದೂ ಚರಿತ್ರೆಯೇ.

ಆ ಒಂದೂವರೆ ಸಾಲಿನಲ್ಲಿ ಎರಡು ತಪ್ಪುಗಳಿವೆ. ನನಗೆ ಮೊದಲಿನಿಂದಲೂ ತಪ್ಪು ಕಂಡರೆ ಸುಮ್ಮನಿರಲು ಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ತಪ್ಪು: ಹಾಡು ಹುಟ್ಟಿದ್ದು ನಾನು ಹೋದ ಮೇಲಲ್ಲ, ನಾನು ಪಕ್ಕದಲ್ಲಿ ಕೂತಿದ್ದಾಗ. ನಮ್ಮ ಸಂಗೀತದ ಮೇಷ್ಟರ ಮನೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಪಾಠ ಮುಗಿದ ಮೇಲೆ ಮೇಷ್ಟರು ಮಲಗುತ್ತಿದ್ದರು, ಅವರ ಹೆಂಡತಿ ಸೇವಿಗೆ ಒತ್ತುತ್ತಲೋ ಅಕ್ಕಿ ಆರಿಸುತ್ತಲೋ ಅಲ್ಲೇ ನಮ್ಮ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದರು. ಅವನು ಹಾರ್ಮೋನಿಯಂ ಹಿಡಿದು ಕಲ್ಲಿನ ಮೇಲೆ, ನಾನು ಕೆಳಗೆ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಆ ವಯಸ್ಸಿನವನನ್ನು ನಾನು ಅವನು ಎಂದೇ ಬರೆಯುತ್ತೇನೆ; ಪ್ರಸಿದ್ಧರಾದ ಮೇಲೆ ಅವರು.

ಪದ್ಯ ಅವನ ಗೆಳೆಯನೊಬ್ಬ ಬರೆದದ್ದು. ಹೊಸ್ತಿಲ ಮೇಲೆ ನಿಂತ ಹುಡುಗಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮೂರು ಚರಣದ ತುಂಬ ಅವಳು ನಿಂತೇ ಇರುತ್ತಾಳೆ. ಕೊನೆಯ ಸಾಲನ್ನು ಎಲ್ಲಿಗೆ ತಂದು ನಿಲ್ಲಿಸುವುದು ಎಂದು ಅವನಿಗೆ ಒಂದು ವಾರ ಬಗೆಹರಿಯಲಿಲ್ಲ.

"ಮೇಲಕ್ಕೆ ತಗೊಂಡು ಹೋಗಿ ಬಿಟ್ಟುಬಿಡು," ಎಂದೆ. "ಎಷ್ಟು ಹೊತ್ತು ಅಂತ ನಿಂತಿರ್ತಾಳೆ ಪಾಪ, ಕಾಲು ನೋಯಲ್ವಾ? ಹೊರಗೆ ಹೋಗ್ಲಿ."

ಅವನು ನಕ್ಕು, ಸಾಲನ್ನು ಮೇಲಿನ ಷಡ್ಜಕ್ಕೆ ಏರಿಸಿ ಅಲ್ಲೇ ನಿಲ್ಲಿಸಿದ. ನಾನು ಹಾಡಿ ತೋರಿಸಿದೆ. ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟು "ಇನ್ನೊಂದ್ಸಲ ಹಾಡೇ" ಎಂದರು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಮಧ್ಯಾಹ್ನಗಳು ಬಹಳವಿಲ್ಲ.

ಇನ್ನು ನಾನು ಹೊರಟುಹೋದದ್ದು. ನನ್ನನ್ನು ಯಾರೂ ಕೈಕಾಲು ಕಟ್ಟಿ ಮಂಟಪಕ್ಕೆ ಹೊತ್ತುಕೊಂಡು ಹೋಗಲಿಲ್ಲ. ಅವನು ಎರಡು ವರ್ಷ ಕಾಯಿ ಎಂದ. ಎರಡು ವರ್ಷ ಆದ ಮೇಲೆ ಏನು ಎಂದೆ. "ನೋಡೋಣ" ಎಂದ. ನನಗೆ ಪ್ರಪಂಚದಲ್ಲಿ ಸಹಿಸಲಾಗದ ಮಾತು ಎಂದರೆ ಈ ನೋಡೋಣ. ಅಪ್ಪ ಅಮೆರಿಕದ ಎಂಜಿನಿಯರೊಬ್ಬರ ಜಾತಕ ತಂದಾಗ ನಾನೇ ಹೂಂ ಎಂದೆ. ಮೂರು ದಿನ ಅತ್ತೆ, ನಿಜ. ಆದರೆ ಹೂಂ ಎಂದವಳೂ ನಾನೇ.

ಮದುವೆಗೆ ಮುಂಚೆ ವರನಿಗೆ ಒಂದು ಏರೋಗ್ರಾಂ ಬರೆದೆ. ನನಗೆ ಒಬ್ಬರ ಮೇಲೆ ಪ್ರೀತಿ ಇತ್ತು, ಈಗ ಮುಗಿದಿದೆ, ಅಭ್ಯಂತರವಿದ್ದರೆ ಈಗಲೇ ಹೇಳಿಬಿಡಿ ಎಂದು. ಮೂರು ವಾರಕ್ಕೆ ಉತ್ತರ ಬಂತು. ತನಗೂ ಒಂದು ವಾಲ್ವ್ ರೇಡಿಯೋ ಎಂದರೆ ಪ್ರಾಣವಾಗಿತ್ತು, ಬರುವಾಗ ಬಿಟ್ಟು ಬರಬೇಕಾಯಿತು, ಏನೂ ಅಭ್ಯಂತರವಿಲ್ಲ ಎಂದು ಬರೆದಿದ್ದರು. ಓದಿ ಜೋರಾಗಿ ನಕ್ಕೆ. ಈ ಮನುಷ್ಯನ ಜೊತೆ ಬದುಕಬಹುದು ಅನ್ನಿಸಿತು.

ಎಂಬತ್ತರ ದಶಕಕ್ಕೆ ನಾವು ನ್ಯೂಜೆರ್ಸಿಯ ಕೆಂಡಲ್ ಪಾರ್ಕ್‌ನಲ್ಲಿದ್ದೆವು. ನಾನು ರೂಟ್ ಒನ್ ಹೆದ್ದಾರಿಯ ಪಕ್ಕದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಮಾತ್ರೆಗಳು ನೀರಿನಲ್ಲಿ ಕರಗುವ ಸಮಯ ಅಳೆಯುವ ಕೆಲಸ ಮಾಡುತ್ತಿದ್ದೆ. ಹಾಡು ಬಿಟ್ಟು ಹತ್ತು ವರ್ಷ ಮೇಲಾಗಿತ್ತು. ಯಾರೂ ಬಿಡಿಸಿದ್ದಲ್ಲ; ಮಗು, ಹಿಮ, ಲಾಂಡ್ರಿ ಎಂದು ತಾನಾಗಿ ಬಿಟ್ಟುಹೋಗಿತ್ತು.

ಆಗ ಒಂದು ದಿನ ಗೊತ್ತಿದ್ದವರು ಬೆಂಗಳೂರಿನಿಂದ ಆ ಸಂಯೋಜಕರ ಗೀತೆಗಳ ಕ್ಯಾಸೆಟ್ ತಂದರು. ಊರಿಂದ ಒಂದು ಕ್ಯಾಸೆಟ್ ಬಂದರೆ ಆಗ ನಮ್ಮ ಪದ್ಧತಿ ಏನೆಂದರೆ, ಅದು ಮೊದಲು ನಮ್ಮ ಮನೆಗೆ ಬರಬೇಕು. ಎರಡು ಕ್ಯಾಸೆಟ್ ಹಿಡಿಯುವ ಡೆಕ್ ಇದ್ದದ್ದು ನಮ್ಮವರ ಹತ್ತಿರ. ಅವರು ಒಂದು ಪ್ರತಿ ತೆಗೆದು ಮೂಲವನ್ನು ವಾಪಸ್ ಕೊಡುತ್ತಿದ್ದರು. ಆ ಪ್ರತಿಯಿಂದ ಪ್ರತಿ, ಅದರಿಂದ ಇನ್ನೊಂದು ಪ್ರತಿ ಆಗಿ ಎಡಿಸನ್ನಿನಿಂದ ಫೋರ್ಟ್ ಲೀವರೆಗೆ ಹಂಚಿಹೋಗುತ್ತಿತ್ತು. ಆ ಸಲ ಮನೆಯಲ್ಲಿ ಇದ್ದದ್ದು ಅರವತ್ತು ನಿಮಿಷದ ಖಾಲಿ ಟೇಪು ಮಾತ್ರ. ಮೂಲದ ಎರಡನೆಯ ಬದಿ ಅರ್ಧ ಗಂಟೆಗಿಂತ ಒಂಚೂರು ಉದ್ದವಿತ್ತು. ಅದರ ಕೊನೆಯ ಹಾಡೇ ಹೊಸ್ತಿಲ ಹುಡುಗಿ. ಮೂರನೆಯ ಚರಣದ ಮಧ್ಯದಲ್ಲಿ ಕಟಕ್ ಎಂದು ಟೇಪು ಮುಗಿದುಹೋಯಿತು.

ಅಡಿಗೆಮನೆಯಲ್ಲಿ ಅದನ್ನು ಕೇಳಿದಾಗ ನನ್ನ ಕೈಯಲ್ಲಿ ಒದ್ದೆ ಪಾತ್ರೆ ಇತ್ತು. ಬೇರೆ ಯಾರೋ ಗಾಯಕಿಯ ದನಿ, ಆದರೆ ಅದೇ ಹಾಡು, ಅದೇ ಕಲ್ಲು, ಅದೇ ಮಧ್ಯಾಹ್ನ. ಟೇಪು ನಿಂತಾಗ ನನ್ನ ಗಂಟಲು ನಿಲ್ಲಲಿಲ್ಲ. ಉಳಿದರ್ಧ ಚರಣವನ್ನು ನಾನೇ ಹಾಡಿ, ಮೇಲಿನ ಷಡ್ಜಕ್ಕೆ ಏರಿಸಿ ನಿಲ್ಲಿಸಿದೆ.

ಮಾರನೆಯ ದಿನ ಕಾರಿನಲ್ಲೂ ಹಾಡಿದೆ. ನಾವು ನಾಲ್ವರು ಹೆಂಗಸರು ಕಾರ್‌ಪೂಲ್ ಮಾಡುತ್ತಿದ್ದೆವು. ನನ್ನ ಪಕ್ಕ ಯಾವಾಗಲೂ ಕೂರುತ್ತಿದ್ದವಳು ಧಾರವಾಡದವಳು, ಕಂಚಿನ ಕಂಠ, ಎದುರಿಗೆ ಹೇಳಿಬಿಡುವ ಬಾಯಿ. "ಹಾಡ್ರೀ, ಹಾಡ್ರೀ, ಏನ್ ಛಂದ ಹಾಡ್ತೀರಿ. ಇಷ್ಟ್ ದಿನ ಬಾಯಾಗ ಅವಲಕ್ಕಿ ಇತ್ತೇನು?" ಎಂದಳು. ಹಾಗೆ ಶುರುವಾಯಿತು ನಮ್ಮ ಪಾಠ. ಕೆಂಪು ಸಿಗ್ನಲ್ಲಿಗೆ ಒಂದು ಸಾಲು. ಮಳೆ ಬಂದರೆ ವೈಪರ್ ತಾಳ. ಚಳಿಗಾಲದಲ್ಲಿ ನಾಲ್ಕು ಜನ ಬಾಯಿ ತೆರೆದು ಹಾಡಿದರೆ ಗಾಜಿನ ತುಂಬ ಮಂಜು ಕಟ್ಟಿಕೊಳ್ಳುತ್ತಿತ್ತು. ಒಂದು ವರ್ಷದಲ್ಲಿ ನಾಲ್ವರು ಎಂಟಾದರು. ಶನಿವಾರ ನಮ್ಮ ಬೇಸ್‌ಮೆಂಟಿನಲ್ಲಿ ಕೂತೆವು. ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಸೀಮಂತ, ಸಮ್ಮರ್ ಪಿಕ್ನಿಕ್, ಎಲ್ಲಿ ಕರೆದರೂ ಹೋಗಿ ಹಾಡಿದೆವು. ಎಲ್ಲಿ ಹಾಡಿದರೂ ಕೊನೆಗೆ ಹೊಸ್ತಿಲ ಹುಡುಗಿ ಬೇಕೇ ಬೇಕು, ಕೊನೆಯ ಸಾಲಿಗೆ ಸೇರಿದವರೆಲ್ಲ ದನಿಗೂಡಿಸಬೇಕು. ನನ್ನ ಮಗಳು ಅಕ್ಷರ ಕಲಿಯುವುದಕ್ಕಿಂತ ಮೊದಲು ಆ ಷಡ್ಜ ಹಿಡಿದಳು ಎಂದರೆ ತುಸು ಉತ್ಪ್ರೇಕ್ಷೆ, ಅಷ್ಟೇ.

ಊರಿಂದ ಹೊಸದಾಗಿ ಬಂದ ಯಾರಾದರೂ ಆ ಸಾಲನ್ನು ಬೇರೆ ರೀತಿ ಹಾಡಿದರೆ ಇಲ್ಲಿಯ ಜನ ಅವರನ್ನೇ ತಿದ್ದುತ್ತಿದ್ದರು. ನಾನೂ ತಿದ್ದಿದ್ದೇನೆ, ದೇವರು ಕ್ಷಮಿಸಲಿ.

ಹೀಗೆ ಆರು ವರ್ಷ ಕಳೆದವು. ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಒಂದು ಸಂಜೆ ಕನ್ನಡ ಸಂಘದ ಅಧ್ಯಕ್ಷರು ಫೋನ್ ಮಾಡಿದರು. ಯುಗಾದಿ ಕಾರ್ಯಕ್ರಮಕ್ಕೆ ಆ ಸಂಯೋಜಕರೇ ಬರುತ್ತಿದ್ದಾರೆ, ಫೋರ್ಟ್ ಲೀಯಲ್ಲಿ ಒಂದು ಮನೆಯಲ್ಲಿ ಇಳಿಸುತ್ತೇವೆ, ಕೊನೆಯ ಹಾಡಿಗೆ ನಿಮ್ಮ ಎಂಟೂ ಜನ ಅವರ ಹಿಂದೆ ನಿಂತು ಹಾಡಬೇಕು ಎಂದರು. "ಪ್ರಾಕ್ಟೀಸಿಗೆ ಟೈಮ್ ಇರಲ್ಲಮ್ಮ, ಅವರು ಹಿಂದಿನ ದಿನ ಬರ್ತಾರೆ. ಪರ್ಫೆಕ್ಟ್ ಆಗಿ ಕಲಿತುಬಿಡಿ ಅಂತ ಒರಿಜಿನಲ್ ಕ್ಯಾಸೆಟ್ ಕಳಿಸಿದೀನಿ."

ಒರಿಜಿನಲ್ ಕ್ಯಾಸೆಟ್ ಬಂತು. ಹಾಕಿದೆ. ಮೂರನೆಯ ಚರಣ ಕಟಕ್ ಎನ್ನದೆ ಮುಂದೆ ಹೋಯಿತು. ಕೊನೆಯ ಸಾಲು ಬಂತು, ಮೇಲೆ ಏರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಮಂದ್ರದಲ್ಲಿ ಅಡಗಿ, ಮುಗಿಯಿತು. ಹುಡುಗಿ ಹೊಸ್ತಿಲಿಂದ ಕಾಲು ಹಿಂದೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ನಾನು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮೊದಲು ಕೋಪ ಬಂತು. ನಾನು ಹೊರಗೆ ಕಳಿಸಿದವಳನ್ನು ಒಳಗೆ ಎಳೆಯಲು ಇವರು ಯಾರು? ಕೋಪ ಇಳಿದ ಮೇಲೆ ಟೇಪು ಹಿಂದಕ್ಕೆ ಸುತ್ತಿ ಆ ಸಾಲನ್ನು ಮತ್ತೆ ಕೇಳಿದೆ. ನಾನು ಹೋದದ್ದಕ್ಕೆ ಈ ಹಾಡು ಕೆಳಗಿಳಿಯಿತೇ? ಅಷ್ಟು ನೋಯಿಸಿದೆನೇ? ಇಷ್ಟು ವರ್ಷ ನಾನು ಇಲ್ಲಿ ಪಿಕ್ನಿಕ್‌ಗಳಲ್ಲಿ ಸಂಭ್ರಮದಿಂದ ಮೇಲಕ್ಕೆ ಹಾಡುತ್ತಿದ್ದಾಗ ಅಲ್ಲಿ ಅವರು ನೊಂದು ಅದನ್ನು ಕೆಳಗಿಳಿಸಿದ್ದರೇ? ಈಗ ಅವರ ಬೆನ್ನ ಹಿಂದೆ ನಿಂತು ಅದನ್ನೇ ಏರಿಸಿ ಹಾಡಿದರೆ, ಹಳೆಯ ಗಾಯವನ್ನು ಸಭೆಯ ಮುಂದೆ ಕೆದಕಿದ ಹಾಗೆ. ಅಲ್ಲದೆ ಕ್ಯಾಸೆಟ್ಟಿನಲ್ಲೇ ಇಲ್ಲದ ಸಾಲು ನಿನಗೆ ಹೇಗೆ ಗೊತ್ತಾಯಿತು ಎಂದು ಜನ ಕೇಳುತ್ತಾರೆ. ಮಗಳೂ ಕೇಳುತ್ತಾಳೆ.

ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕಿವಿಯಿಂದ ಹೆಡ್‌ಫೋನ್ ತೆಗೆದು, ಮೊದಲಿನಿಂದ ಹೇಳು ಎಂದರು. ಮತ್ತೆ ಹೇಳಿದೆ.

"ನೀವು ಬೇಕಂತಲೇ ಕಟ್ ಮಾಡಿದ್ರಾ ಆವತ್ತು?" ಎಂದೂ ಕೇಳಿಬಿಟ್ಟೆ.

"ಅಯ್ಯೋ, ನನಗೆಲ್ಲಿ ಅಷ್ಟು ತಲೆ? ಟೇಪ್ ಮುಗೀತು, ಅಷ್ಟೇ," ಎಂದರು. ಹೆಡ್‌ಫೋನಿನ ವೈರು ಸುತ್ತಿಡುತ್ತ, "ಆದರೆ ನೀನು ಹಾಡೋದೇ ನನಗೆ ಇಷ್ಟ. ಅದು ಬಿಟ್ಟು ಬೇರೆ ನನಗೆ ಗೊತ್ತಿಲ್ಲವಲ್ಲ," ಎಂದರು.

ನಾನು ನಿರ್ಧಾರ ಮಾಡಿದೆ: ಆರು ವರ್ಷ ಕಲಿಸಿದ್ದನ್ನು ಆರು ವಾರದಲ್ಲಿ ಮರೆಸಬೇಕು. ಕಾರಿನಲ್ಲಿ ಸಿಗ್ನಲ್ ಸಿಗ್ನಲ್ಲಿಗೆ ಕೆಳಗಿಳಿಯುವ ಸಾಲು ಹೇಳಿಕೊಟ್ಟೆ. ಧಾರವಾಡದವಳು ಮೂರು ದಿನ ಮುಖ ದಪ್ಪ ಮಾಡಿಕೊಂಡಿದ್ದು ನಾಲ್ಕನೆಯ ದಿನ ಬಾಯಿಬಿಟ್ಟಳು.

"ಏನ್ರೀ ಇದು, ಆರು ವರ್ಷದಿಂದ ಹಾಡಿದ್ದು ತಪ್ಪಂದ್ರ ಹೆಂಗ್ರೀ? ಆ ಕ್ಯಾಸೆಟ್ಟೇ ತಪ್ಪಿರಬೇಕು."

"ಅವರೇ ಮಾಡಿದ ಹಾಡು, ಅವರದ್ದು ತಪ್ಪಾಗತ್ತಾ? ಸುಮ್ನೆ ಹಾಡಿ."

"ನಿಮಗ ಆ ಮನಷ್ಯಾ ಮೊದಲೇ ಗೊತ್ತೇನು?"

"ಒಂದೇ ಊರು," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಎದುರಿನ ಸಿಗ್ನಲ್ ಹಸಿರಾಗಿತ್ತು, ಬದುಕಿಕೊಂಡೆ.

ಅಂತೂ ಎಲ್ಲರೂ ಕಲಿತರು. ಮನಸ್ಸಿಲ್ಲದ ಮನಸ್ಸಿನಿಂದ, ಕಷಾಯ ಕುಡಿದ ಹಾಗೆ, ಆದರೆ ಸರಿಯಾಗಿ ಕಲಿತರು. ನನ್ನ ಹುಷಾರಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಯುಗಾದಿ ಕಾರ್ಯಕ್ರಮ ಒಂದು ಹೈಸ್ಕೂಲ್ ಆಡಿಟೋರಿಯಮ್ಮಿನಲ್ಲಿ, ಶನಿವಾರ ಮಧ್ಯಾಹ್ನ. ಹೊರಗೆ ಏಪ್ರಿಲ್ಲಿನ ಬಿಸಿಲು, ಒಳಗೆ ಮಲ್ಲಿಗೆ ಸೆಂಟು, ರೇಷ್ಮೆ ಸೀರೆಯ ಮೇಲೆ ಸ್ವೆಟರು. ನಮ್ಮವರು ಎಂದಿನಂತೆ ಮೈಕು, ಸ್ಪೀಕರು, ರೆಕಾರ್ಡಿಂಗು ಎಂದು ವೈರಿನ ಮಧ್ಯೆ ಕೂತಿದ್ದರು. ಸಂಯೋಜಕರು ವೇದಿಕೆಗೆ ಬಂದರು. ಕೂದಲು ಹಿಂದೆ ಸರಿದಿತ್ತು, ಹೊಟ್ಟೆ ಮುಂದೆ ಬಂದಿತ್ತು, ಹಾರ್ಮೋನಿಯಂ ಮೇಲಿನ ಬೆರಳು ಮಾತ್ರ ಹಾಗೆಯೇ ಇದ್ದವು. ಕೊನೆಯ ಹಾಡಿಗೆ ನಾವು ಎಂಟು ಜನ ಅವರ ಹಿಂದೆ ಎರಡು ಸಾಲಾಗಿ ನಿಂತೆವು. ಅವರು ತಿರುಗಿ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಮಾಡಿ ಮುಂದೆ ತಿರುಗಿಕೊಂಡರು. ಗುರುತು ಹತ್ತಲಿಲ್ಲ. ನಾನು ಎರಡನೆಯ ಸಾಲಿನಲ್ಲಿ, ಬೇಕೆಂದೇ, ಎತ್ತರದವಳೊಬ್ಬಳ ಹಿಂದೆ ನಿಂತಿದ್ದೆ.

ಪಲ್ಲವಿ ಮುಗಿಯಿತು. ಎರಡು ಚರಣ ಚೆನ್ನಾಗಿ ಆದವು. ಮೂರನೆಯ ಚರಣದಲ್ಲಿ ಸಭೆಯೂ ದನಿಗೂಡಿಸಿತು. ನಮ್ಮಲ್ಲಿ ಅದೇ ಅಭ್ಯಾಸವಲ್ಲವೇ? ಆಗ ನನಗೆ ಹೊಳೆಯಿತು. ನಮ್ಮ ಗುಂಪಿಗೆ ಮರೆಸಿದ್ದೆ. ಈ ಸಭೆಗೆ? ಆರು ವರ್ಷ ಪೂಜೆಪೂಜೆಗೆ ಹೋಗಿ ನಾನೇ ಕಲಿಸಿದ ಈ ಸಭೆಗೆ?

ಕೊನೆಯ ಸಾಲು ಬಂತು. ಅವರೂ ನಾವು ಎಂಟು ಜನವೂ ವಿಧೇಯರಾಗಿ ಕೆಳಗಿಳಿದೆವು. ಇಡೀ ಆಡಿಟೋರಿಯಂ, ತಾತಂದಿರು ಮೊಮ್ಮಕ್ಕಳು ಸಮೇತ, ಮೇಲಕ್ಕೆ ಹೋಗಿ ಷಡ್ಜದಲ್ಲಿ ನಿಂತಿತು.

ಅವರ ಬೆರಳು ನಿಂತವು. ತಬಲಾದವರೂ ನಿಲ್ಲಿಸಿದರು. ಸಭೆ ಗಲಿಬಿಲಿಯಾಗಿ ಹಾಡು ಬಿಟ್ಟಿತು. ಅವರು ಮೈಕಿನ ಹತ್ತಿರ ಬಾಗಿ, ಮೆಲ್ಲಗೆ, "ಇದನ್ನ ನಿಮಗೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರು.

ಮೊದಲ ಸಾಲಿನಿಂದ ನನ್ನ ಹನ್ನೊಂದು ವರ್ಷದ ಮಗಳು ಎದ್ದು ನಿಂತು, "ದಟ್ಸ್ ಹೌ ಇಟ್ ಗೋಸ್, ಅಂಕಲ್. ಮೈ ಮಾಮ್ ಟಾಟ್ ಎವ್ರಿಬಡಿ," ಎಂದು ನನ್ನತ್ತ ಬೆರಳು ತೋರಿಸಿದಳು. ಎತ್ತರದವಳು ಪಕ್ಕಕ್ಕೆ ಸರಿದಳು. ಧಾರವಾಡದವಳು ಬೆನ್ನಿಗೆ ಕೈಯಿಟ್ಟು ನನ್ನನ್ನು ಒಂದು ಹೆಜ್ಜೆ ಮುಂದೆ ತಳ್ಳಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ಪೂರ್ತಿ ತಿರುಗಿ ನೋಡಿದರು. ಈ ಸಲ ಗುರುತು ಹತ್ತಿತು. ಮುಖ ಮೆಲ್ಲಗೆ ಅರಳಿತು. ಆಮೇಲೆ ಮೈಕಿನತ್ತ ತಿರುಗಿ ಹೇಳಿದರು:

"ಇವರು ಹೇಳಿಕೊಟ್ಟದ್ದೇ ಸರಿ. ಮೊದಲು ಮಾಡಿದ್ದು ಹಾಗೇನೇ. ರೆಕಾರ್ಡಿಂಗ್ ದಿನ ಹಾಡೋರಿಗೆ ನೆಗಡಿ. ಮೇಲಿನ ಷಡ್ಜ ಏನು ಮಾಡಿದರೂ ಹತ್ತಲಿಲ್ಲ. ಸ್ಟುಡಿಯೋದವರು ಟೈಮ್ ಆಯ್ತು ಅಂತ ಬಾಗಿಲಲ್ಲಿ ನಿಂತಿದ್ದರು. ಹೋಗ್ಲಿ ಅಂತ ಕೆಳಗಿಳಿಸಿಬಿಟ್ಟೆ. ಜನ ಅದನ್ನೇ ಒಪ್ಪಿಕೊಂಡರು, ನಾನೂ ಸುಮ್ಮನಾದೆ."

ಸಭೆ ಗೊಳ್ಳೆಂದು ನಕ್ಕಿತು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನೆಗಡಿ! ಯಾರಿಗೋ ನೆಗಡಿಯಾಯಿತೆಂದು ನಾನು ಆರು ವಾರ ನನ್ನ ಮೂಗು ಕೊಯ್ದುಕೊಂಡಿದ್ದೆ. ನಿಜ ಹೇಳುತ್ತೇನೆ, ಒಂದು ಕ್ಷಣ ಸ್ವಲ್ಪ ನಿರಾಸೆಯೂ ಆಯಿತು. ಒಂದು ಹಾಡನ್ನೇ ಮುರಿಯುವಷ್ಟು ದೊಡ್ಡವಳು ನಾನು ಎಂದು ಎಲ್ಲೋ ಒಳಗೆ ಬೀಗಿದ್ದೆನೋ ಏನೋ. ಮರುಕ್ಷಣ ಹೆಗಲಿನಿಂದ ಮೂಟೆ ಇಳಿಸಿದಂತಾಯಿತು. ಜೀವನಚರಿತ್ರೆಯ ಎರಡನೆಯ ತಪ್ಪು ಇದೇ: ಅಲ್ಲಿ ನೋವೂ ಇಲ್ಲ, ಏನೂ ಇಲ್ಲ, ಶೀತ.

"ನೀವೇ ಹಾಡಿ, ಆ ಸಾಲು," ಎಂದರು. ನೀನು ಎನ್ನುತ್ತಿದ್ದವನು ನೀವು ಎಂದದ್ದು ಕಿವಿಗೆ ಹೊಸದಾಗಿತ್ತು, ಬೇಜಾರಾಗಲಿಲ್ಲ.

ನನ್ನ ಶ್ರುತಿ ಯಾವುದು ಎಂದು ಅವರು ಕೇಳಲಿಲ್ಲ. ಹಾರ್ಮೋನಿಯಂ ಮೇಲೆ ನೇರವಾಗಿ ಆರನೆಯ ಮನೆಯ ಎತ್ತರದ ಶ್ರುತಿ ಹಿಡಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಹಾಡುತ್ತಿದ್ದವಳ ಶ್ರುತಿ ಅದು. ಇಷ್ಟು ವರ್ಷ ಅದನ್ನು ಬೆರಳಿನಲ್ಲಿ ಇಟ್ಟುಕೊಂಡಿದ್ದರು. ಆಗ ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ನನಗಾಗಲೇ ನಲವತ್ತು ದಾಟಿತ್ತು. ಬಾಗಿ ಮೆಲ್ಲಗೆ, "ಒಂದು ಮನೆ ಕೆಳಗೆ ಕೊಡಿ," ಎಂದೆ.

ಅವರು ನಕ್ಕು ಒಂದು ಮನೆ ಇಳಿಸಿದರು. ನಾನು ಹಾಡಿದೆ. ಮೇಲೇರುವಾಗ ದನಿ ಒಂದು ಕಡೆ ಒಡೆಯಿತು, ಸರಿಹೋಯಿತು, ಷಡ್ಜದಲ್ಲಿ ನಿಂತಿತು. ಆಮೇಲೆ ನಾವು ಎಂಟೂ ಜನ, ನಮ್ಮ ಹಿಂದೆ ಸಭೆ. ಧಾರವಾಡದವಳು ಆರು ವಾರದ ಸೇಡು ತೀರಿಸಿಕೊಳ್ಳುವಂತೆ ಹಾಡಿದಳು.

ಕೆಫೆಟೀರಿಯಾದಲ್ಲಿ ಊಟದ ಸಾಲಿನಲ್ಲಿ ಪೇಪರ್ ಪ್ಲೇಟ್ ಹಿಡಿದು ಅಕ್ಕಪಕ್ಕ ನಿಂತೆವು. ಮಾತು ಹೆಚ್ಚೇನೂ ಇರಲಿಲ್ಲ. ಅವರ ಹೆಂಡತಿಗೆ ಮಂಡಿನೋವು, ಮಗ ಮೆಡಿಕಲ್ ಓದುತ್ತಿದ್ದಾನೆ.

"ಚೆನ್ನಾಗಿದ್ದೀರಾ?" ಎಂದು ಕೇಳಿದರು.

"ಚೆನ್ನಾಗಿದ್ದೀನಿ," ಎಂದೆ. ಹೇಳಿದ ಮೇಲೆ, ಅದು ನಿಜ ಎಂದು ನನಗೇ ಗೊತ್ತಾಯಿತು.

"ಹಾಗಾದರೆ ಹುಡುಗಿ ಹೊರಗೇ ಹೋದಳು."

"ಹೂಂ. ಡ್ರೈವಿಂಗ್ ಲೈಸೆನ್ಸೂ ತಗೊಂಡಳು."

ಅವರು ಬಿಸಿಬೇಳೆ ಬಾತ್ ಚೆಲ್ಲುವಂತೆ ನಕ್ಕರು. ಅಷ್ಟರಲ್ಲಿ ಫೋಟೋಕ್ಕೆ ಕರೆದರು, ಹೋದರು.

ಮನೆಗೆ ಹೋಗುವಾಗ ಇನ್ನೂ ಬಿಸಿಲಿತ್ತು. ನಮ್ಮವರು ಡ್ರೈವ್ ಮಾಡುತ್ತಿದ್ದರು. ಹಿಂದಿನ ಸೀಟಿನಿಂದ ಮಗಳು, "ಅಮ್ಮ, ಡಿಡ್ ಯು ನೋ ಹಿಮ್?" ಎಂದಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಆ ಸಾಲು ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮೇಲಕ್ಕೆ ಹೋಗಲಿ ಅಂತ ಹೇಳಿದ್ದು ನಾನು," ಎಂದೆ. ಅವಳು ಸ್ವಲ್ಪ ಯೋಚಿಸಿ, "ಕೂಲ್," ಎಂದಳು. ನಾನು ಆರು ವಾರ ಹೆದರಿದ್ದ ಪ್ರಶ್ನೆ ಅಷ್ಟಕ್ಕೇ ಮುಗಿಯಿತು.

ನಮ್ಮವರು ಅಂಗಿಯ ಜೇಬಿನಿಂದ ಕ್ಯಾಸೆಟ್ ತೆಗೆದು ಕೊಟ್ಟರು. "ಹಾಕು. ಈ ಸಲ ತೊಂಬತ್ತು ನಿಮಿಷದ ಟೇಪು. ಪೂರ್ತಿ ಬಂದಿದೆ."

ಹಾಕಿದೆ. ಮೂರನೆಯ ಚರಣ ಬರುವ ಹೊತ್ತಿಗೆ ರೂಟ್ ಒನ್‌ನ ಕೆಂಪು ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಟೇಪಿನಲ್ಲಿ ನೆಗಡಿಯ ಕಥೆ ಬಂತು, ಸಭೆ ನಕ್ಕಿತು, ಆಮೇಲೆ ನನ್ನ ದನಿ. ಸಿಗ್ನಲ್ ಹಸಿರಾಯಿತು. ನಮ್ಮವರು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಹಸಿರಿನಲ್ಲಿ ನಿಂತವರಲ್ಲ. ಆವತ್ತು ಷಡ್ಜ ಮುಗಿಯುವವರೆಗೆ ಬ್ರೇಕ್ ಮೇಲಿಂದ ಕಾಲು ತೆಗೆಯಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ.